ದೀಪ ಉರಿಯುತ್ತಿದ್ದಾಗಲೇ ಸತ್ತ ಲಿಂಕ್: ಒಂದು ಪತ್ತಿನ ಸಹಕಾರ ಸಂಘದ ಪ್ರಕರಣ

ಈ ಪ್ರಕರಣ ಬೆಂಗಳೂರಿನ ಒಂದು ಪತ್ತಿನ ಸಹಕಾರ ಸಂಘದ್ದು. ಸಂಘದ ಹೆಸರು, ಬಡಾವಣೆ, ಶಾಖೆಗಳ ಸಂಖ್ಯೆ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ದತ್ತಾಂಶ ಸಾಗಿಸುವ ಲಿಂಕ್ ಕೊಟ್ಟ ಎರಡು ಕಂಪನಿಗಳ ಹೆಸರೂ ಬೇಡ, ಏಕೆಂದರೆ ಇದು ಯಾವ ಕಂಪನಿಯಲ್ಲಾದರೂ ಆಗಬಹುದಾದ ತೊಂದರೆ. ಹೊರಗಿನಿಂದ ಕರೆಸಿಕೊಂಡ ನೆಟ್‌ವರ್ಕ್ ಎಂಜಿನಿಯರ್ ಆಗಿ ನಾನು ಅಲ್ಲಿ ಸುಮಾರು ಏಳು ತಿಂಗಳು ಓಡಾಡಿದೆ. ನಡುವೆ ನಾನೇ ಮಾಡಿದ ಒಂದು ದೊಡ್ಡ ತಪ್ಪೂ ಇದೆ. ಅದನ್ನೂ ಬಿಡದೆ ಬರೆದರೆ ಮಾತ್ರ ಇನ್ನೊಬ್ಬರಿಗೆ ಉಪಯೋಗ.

ಸಂಘದ ಮುಖ್ಯ ಕಚೇರಿ ಇರುವುದು ನಗರದ ದಕ್ಷಿಣ ಭಾಗದಲ್ಲಿ. ಲೆಕ್ಕಪತ್ರದ ತಂತ್ರಾಂಶ ನಡೆಯುವ ಸರ್ವರ್‌ಗಳು ವೈಟ್‌ಫೀಲ್ಡ್ ಕಡೆಯ ಡೇಟಾ ಸೆಂಟರ್ ಒಂದರಲ್ಲಿವೆ. ಶಾಖೆಗಳ ದತ್ತಾಂಶವೆಲ್ಲ ಮೊದಲು ಮುಖ್ಯ ಕಚೇರಿಗೆ ಬಂದು, ಅಲ್ಲಿಂದ ವೈಟ್‌ಫೀಲ್ಡ್‌ಗೆ ಹೋಗುತ್ತದೆ. ಈ ದಾರಿಗೆ ಎರಡು ಲೀಸ್ಡ್ ಲೈನ್‌ಗಳಿದ್ದವು, ಅಂದರೆ ಸಂಘಕ್ಕೆಂದೇ ಬಾಡಿಗೆಗೆ ಪಡೆದ ಲಿಂಕ್‌ಗಳು. ಮೊದಲನೆಯದು 100 ಎಂಬಿಪಿಎಸ್. ಅದರ ಫೈಬರ್ ಹೊರವರ್ತುಲ ರಸ್ತೆಯ ಉದ್ದಕ್ಕೂ ಸಾಗುತ್ತದೆ. ಕೌಂಟರ್‌ಗಳ ವ್ಯವಹಾರವೆಲ್ಲ ಅದರ ಮೇಲೆ, ರೂಟಿಂಗ್‌ಗೆ, ಅಂದರೆ ದತ್ತಾಂಶ ಯಾವ ದಾರಿ ಹಿಡಿಯಬೇಕೆಂದು ರೂಟರ್‌ಗಳು ಪರಸ್ಪರ ಮಾತಾಡಿ ಗೊತ್ತುಮಾಡುವುದಕ್ಕೆ, ಒಎಸ್‌ಪಿಎಫ್ ಎಂಬ ಪ್ರೊಟೊಕಾಲ್ (ನಿಯಮಾವಳಿ). ಎರಡನೆಯದು 50 ಎಂಬಿಪಿಎಸ್, ಬೇರೆ ಕಂಪನಿಯದು, ಬೇರೆ ದಾರಿಯದು. ಪಿಗ್ಮಿ ಏಜೆಂಟರು ಕೈಯಂತ್ರದಲ್ಲಿ ದಾಖಲಿಸುವ ಠೇವಣಿಯ ಲೆಕ್ಕ ಅದರ ಮೇಲೆ ಹೋಗುತ್ತಿತ್ತು. ಅಲ್ಲಿ ಹಿಂದಿನ ಗುತ್ತಿಗೆದಾರರು ಬಿಜಿಪಿ ಎಂಬ ಇನ್ನೊಂದು ರೂಟಿಂಗ್ ಪ್ರೊಟೊಕಾಲ್ ಹಾಕಿಟ್ಟಿದ್ದರು. ಒಂದು ಲಿಂಕ್ ಸತ್ತರೆ ಅದರ ಹೊರೆಯನ್ನು ಇನ್ನೊಂದು ಹೊರಬೇಕು ಎಂಬುದು ಏರ್ಪಾಡು. ಕಾಗದದ ಮೇಲೆ ಇದರಲ್ಲಿ ಒಂದು ಕೊರತೆಯೂ ಕಾಣುತ್ತಿರಲಿಲ್ಲ.

ನನ್ನನ್ನು ಕರೆಸಿದ ದಿನ ವ್ಯವಸ್ಥಾಪಕರು ಹೇಳಿದ್ದು ಇಷ್ಟು: "ಎರಡು ಲೈನಿಗೆ ದುಡ್ಡು ಕೊಡುತ್ತಿದ್ದೇವೆ. ಆದರೂ ತಿಂಗಳಿಗೆ ಎರಡು ಸಲ ಕೌಂಟರ್ ನಿಲ್ಲುತ್ತದೆ. ಏಕೆ ಎಂದು ನೀವೇ ನೋಡಿ ಹೇಳಿ."

ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಮೆಟ್ರೊ ನೀಲಿ ಮಾರ್ಗದ ಕಾಮಗಾರಿ ಆಗ ನಡೆಯುತ್ತಿತ್ತು. ಅದರ ಜೊತೆಗೆ ನೀರಿನ ಕೊಳವೆ, ವಿದ್ಯುತ್ ಕೇಬಲ್, ಚರಂಡಿ ಎಂದು ಒಬ್ಬರಾದ ಮೇಲೆ ಒಬ್ಬರು ಅಗೆಯುತ್ತಾರೆ. ಫೈಬರ್ ತುಂಡಾಗುವುದು ಅಲ್ಲಿ ಅಪರೂಪವೇನಲ್ಲ. ತುಂಡಾಗುವುದನ್ನು ನಾವು ತಡೆಯಲಾರೆವು. ತುಂಡಾದ ಮೇಲೆ ಎರಡನೆಯ ಲಿಂಕ್ ಏಕೆ ತಕ್ಷಣ ಕೈಗೆ ಬರುವುದಿಲ್ಲ ಎಂಬುದೇ ನನ್ನ ಪ್ರಶ್ನೆಯಾಗಿತ್ತು.

ರೂಟರ್‌ನ ದಾಖಲೆ ತೆಗೆದು ನೋಡಿದಾಗ ಉತ್ತರ ಸಿಕ್ಕಿತು. ಒಂದು ಸಲವೂ ರೂಟರ್‌ನ ಪೋರ್ಟ್, ಅಂದರೆ ಕೇಬಲ್ ಚುಚ್ಚುವ ಬಾಯಿ, ಬಿದ್ದಿರಲೇ ಇಲ್ಲ; ಸಂಪರ್ಕ ಹೋಗಿದೆ ಎಂದು ಅದು ತೋರಿಸಿರಲಿಲ್ಲ. ನಮ್ಮ ರೂಟರ್‌ನ ಕೇಬಲ್ ಹೋಗುವುದು ವೈಟ್‌ಫೀಲ್ಡ್‌ಗಲ್ಲ, ಅದೇ ರ‍್ಯಾಕ್‌ನಲ್ಲಿ ಎರಡಡಿ ಕೆಳಗಿರುವ ಕಂಪನಿಯ ಸ್ವಿಚ್‌ಗೆ. ಆ ಎರಡಡಿ ಕೇಬಲ್ ಚೆನ್ನಾಗಿರುವವರೆಗೆ ಪೋರ್ಟಿನ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಹತ್ತು ಕಿಲೋಮೀಟರ್ ಆಚೆ ಫೈಬರ್ ಎರಡು ತುಂಡಾಗಿದ್ದರೂ ರೂಟರ್‌ಗೆ ಅದು ತಿಳಿಯುವ ದಾರಿ ಒಂದೇ: ಆಚೆ ತುದಿಯ ರೂಟರ್‌ನಿಂದ ಬರಬೇಕಾದ ಹಲೋ ಸಂದೇಶ ಬಾರದೇ ಹೋಗುವುದು. ಒಎಸ್‌ಪಿಎಫ್ ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಹಲೋ ಕಳಿಸುತ್ತದೆ. 40 ಸೆಕೆಂಡು ಒಂದೂ ಬಾರದಿದ್ದರೆ ನೆರೆಯ ರೂಟರ್ ಸತ್ತಿದೆ ಎಂದು ತೀರ್ಮಾನಿಸುತ್ತದೆ. ಆ 40 ಸೆಕೆಂಡೂ ಕೌಂಟರಿನ ದತ್ತಾಂಶವೆಲ್ಲ ಸತ್ತ ಲಿಂಕಿಗೇ ಸುರಿದು ಹೋಗುತ್ತಿತ್ತು. ಎರಡನೆಯ ಲಿಂಕಿನ ಬಿಜಿಪಿಯ ಹೋಲ್ಡ್ ಟೈಮ್, ಅಂದರೆ ಹೀಗೆ ಕಾಯುವ ಅವಧಿ, ಇನ್ನೂ ದೊಡ್ಡದು, 180 ಸೆಕೆಂಡು.

ನಲವತ್ತು ಸೆಕೆಂಡು ಅಂಥ ದೊಡ್ಡ ಹೊತ್ತೇನಲ್ಲ ಎಂದು ಮೊದಲು ನನಗೂ ಅನಿಸಿತ್ತು. ಒಂದು ಮಂಗಳವಾರ ಹನ್ನೊಂದು ಗಂಟೆಯ ಹೊತ್ತಿಗೆ ಲಿಂಕ್ ಹೋದಾಗ ನಾನು ಕೌಂಟರಿನ ಪಕ್ಕದಲ್ಲೇ ಇದ್ದೆ. ಒಬ್ಬ ಅಜ್ಜಿಯ ಪಾಸ್‌ಬುಕ್ ಪ್ರಿಂಟರ್‌ನಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ. ಗುಮಾಸ್ತೆ ಎರಡು ಸಲ ಕೀಲಿ ಒತ್ತಿದರು, ಪರದೆ ಅಲುಗಾಡಲಿಲ್ಲ. "ಸ್ವಲ್ಪ ಇರಿ ಅಮ್ಮ, ಸರ್ವರ್ ಹೋಗಿದೆ" ಎಂದರು. ಸರ್ವರ್ ಎಲ್ಲಿಗೂ ಹೋಗಿರಲಿಲ್ಲ. ಆದರೆ 30 ಸೆಕೆಂಡು ಉತ್ತರ ಬಾರದಿದ್ದರೆ ಆ ತಂತ್ರಾಂಶ ಬಳಕೆದಾರರನ್ನು ಹೊರಗೆ ಹಾಕುತ್ತದೆ. ಅರ್ಧ ಬರೆದ ವೋಚರ್ ಬೀಗ ಬಿದ್ದು ನಿಲ್ಲುತ್ತದೆ. ಅದನ್ನು ಮೇಲಧಿಕಾರಿಯೇ ಬಂದು ಬಿಡಿಸಬೇಕು. ಲಿಂಕ್ 40 ಸೆಕೆಂಡಿನಲ್ಲಿ ಸರಿಹೋಯಿತು. ಎಲ್ಲ ಕೌಂಟರ್‌ಗಳ ವೋಚರ್‌ಗಳನ್ನು ಬಿಡಿಸಿ ಮುಗಿಸುವಷ್ಟರಲ್ಲಿ ಹನ್ನೆರಡೂವರೆ ಆಗಿತ್ತು. ಅಜ್ಜಿ ಅಷ್ಟು ಹೊತ್ತೂ ಬೆಂಚಿನ ಮೇಲೆ ಕುಳಿತೇ ಇದ್ದರು.

ಹಾಗಾದರೆ ಲಿಂಕ್ ಒಪ್ಪಿಸಿಕೊಳ್ಳುವಾಗ ಪರೀಕ್ಷೆ ಮಾಡಿರಲಿಲ್ಲವೇ? ಮಾಡಿದ್ದರು, ವರದಿಯೂ ಕಡತದಲ್ಲಿತ್ತು: "ಕೇಬಲ್ ಕಿತ್ತಾಗ ಒಂದು ಸೆಕೆಂಡಿನೊಳಗೆ ಎರಡನೆಯ ಲಿಂಕಿಗೆ ಬದಲಾವಣೆ." ಕಿತ್ತದ್ದು ರೂಟರ್‌ಗೆ ಚುಚ್ಚಿದ ಕೇಬಲನ್ನು. ಅದನ್ನು ಕಿತ್ತರೆ ದೀಪ ಆರುತ್ತದೆ, ಪೋರ್ಟ್ ಬೀಳುತ್ತದೆ, ರೂಟರ್‌ಗೆ ಆ ಕ್ಷಣವೇ ಗೊತ್ತಾಗುತ್ತದೆ. ರಸ್ತೆಯಲ್ಲಿ ಆಗುವ ಅನಾಹುತ ಆ ಜಾತಿಯದಲ್ಲ. ಬರದೇ ಇರುವ ಕಾಯಿಲೆಗೆ ಪರೀಕ್ಷೆ ಮಾಡಿ, ಬರುವ ಕಾಯಿಲೆಗೆ ಆರೋಗ್ಯ ಪತ್ರ ಕೊಟ್ಟಿದ್ದರು. ಇಂಥ ವರದಿಗಳನ್ನು ನಾನು ಬೇರೆ ಕಡೆಯೂ ಕಂಡಿದ್ದೇನೆ. ನಾನೂ ಹಿಂದೆ ಇಂಥವಕ್ಕೆ ಸಹಿ ಹಾಕಿದ್ದೇನೆ.

ಮೊದಲ ಪ್ರಯತ್ನ

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಒಎಸ್‌ಪಿಎಫ್‌ನ ಹಲೋ ಅವಧಿಯನ್ನು 1 ಸೆಕೆಂಡಿಗೆ, ನೆರೆಯದು ಸತ್ತಿದೆ ಎನ್ನುವ ಮುಂಚೆ ಕಾಯುವ ಡೆಡ್ ಅವಧಿಯನ್ನು 4 ಸೆಕೆಂಡಿಗೆ ಇಳಿಸಿದೆವು. ಎರಡೂ ತುದಿಯಲ್ಲಿ ಒಂದೇ ಅಂಕಿ ಇರಬೇಕು, ಇಲ್ಲದಿದ್ದರೆ ನೆರೆತನವೇ ಕೂಡುವುದಿಲ್ಲ; ಅದಕ್ಕಾಗಿ ರಾತ್ರಿ ಹತ್ತರ ಮೇಲೆ ಇಬ್ಬರು ಎರಡು ಕಡೆ ಕುಳಿತು ಬದಲಿಸಿದೆವು. ಮುಂದಿನ ಸಲ ಫೈಬರ್ ಹೋದಾಗ ನಾಲ್ಕು ಸೆಕೆಂಡಿನಲ್ಲಿ ದಾರಿ ಬದಲಾಯಿತು. ಕೌಂಟರ್‌ನವರು ಪರದೆ ಒಂದು ಕ್ಷಣ ತಡೆದದ್ದನ್ನು ಕಂಡರು, ಅಷ್ಟೇ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಹಿಂತಿರುಗಿ ನೋಡಿದರೆ ಕೌಂಟರ್‌ಗೆ ಬೇಕಾಗಿದ್ದುದು 30 ಸೆಕೆಂಡಿಗಿಂತ ಕಡಿಮೆ, ಅಷ್ಟು ಮಾತ್ರ. ಆದರೆ ಎರಡನೆಯ ಲಿಂಕಿನ ಬಿಜಿಪಿ ಹಾಗೇ ಉಳಿದಿತ್ತು. ಒಂದೊಂದು ಪ್ರೊಟೊಕಾಲ್‌ಗೂ ಒಂದೊಂದು ಬಗೆಯ ಟೈಮರ್ ಇಟ್ಟು ಸಂಭಾಳಿಸುವುದಕ್ಕಿಂತ, ಎಲ್ಲಕ್ಕೂ ಒಂದೇ ಕಾವಲುಗಾರನನ್ನು ನೇಮಿಸುವುದು ಒಳ್ಳೆಯದು ಎನಿಸಿತು. ಆ ಕೆಲಸಕ್ಕೆಂದೇ ಹುಟ್ಟಿದ್ದು ಬೈಡೈರೆಕ್ಷನಲ್ ಫಾರ್ವರ್ಡಿಂಗ್ ಡಿಟೆಕ್ಷನ್, ನಮ್ಮ ಬಾಯಿಮಾತಿನಲ್ಲಿ ಬಿಎಫ್‌ಡಿ. ಇದು ಆರ್‌ಎಫ್‌ಸಿ 5880 ಎಂಬ ಅಂತರ್ಜಾಲ ಮಾನದಂಡವಾಗಿ ಪ್ರಕಟವಾದದ್ದು 2010ರ ಜೂನ್‌ನಲ್ಲಿ. ಎರಡು ರೂಟರ್‌ಗಳು ಪರಸ್ಪರ ಪುಟ್ಟ ಪ್ಯಾಕೆಟ್‌ಗಳನ್ನು (ದತ್ತಾಂಶದ ಸಣ್ಣ ಕಟ್ಟುಗಳನ್ನು) ಬಿಡದೆ ಕಳಿಸುತ್ತಿರುತ್ತವೆ. ಪ್ಯಾಕೆಟ್ಟಿನ ಕಡ್ಡಾಯ ಭಾಗ 24 ಬೈಟ್ ಮಾತ್ರ. ಗೊತ್ತಾದ ಅವಧಿಯಲ್ಲಿ ಒಂದೂ ಬಾರದಿದ್ದರೆ ಬಿಎಫ್‌ಡಿ ಆ ಸುದ್ದಿಯನ್ನು ಒಎಸ್‌ಪಿಎಫ್‌ಗೂ ಬಿಜಿಪಿಗೂ ಮುಟ್ಟಿಸುತ್ತದೆ. ಆಗ ಅವು ತಮ್ಮ ನಿಧಾನದ ಗಡಿಯಾರ ಮುಗಿಯುವವರೆಗೆ ಕಾಯಬೇಕಾಗಿಲ್ಲ.

ನನ್ನ ತಪ್ಪು

ಬಿಎಫ್‌ಡಿಯಲ್ಲಿ ಕೊಡಬೇಕಾದ ಅಂಕಿಗಳು ಮೂರು: ಎಷ್ಟು ಮಿಲಿಸೆಕೆಂಡಿಗೊಮ್ಮೆ ಕಳಿಸುತ್ತೇನೆ, ಎಷ್ಟಕ್ಕೊಮ್ಮೆ ಬಂದರೆ ತೆಗೆದುಕೊಳ್ಳಬಲ್ಲೆ, ಎಷ್ಟು ತಪ್ಪಿದರೆ ಸತ್ತಂತೆ. ಡೇಟಾ ಸೆಂಟರ್‌ನ ಒಳಗಿನ ಲಿಂಕ್‌ಗಳಿಗೆ ಬಳಸುತ್ತಿದ್ದ 50, 50, 3 ನನ್ನ ಬಳಿ ಸಿದ್ಧವಾಗಿತ್ತು. ಅಂದರೆ 150 ಮಿಲಿಸೆಕೆಂಡಿನಲ್ಲಿ ಪತ್ತೆ. ಅದನ್ನೇ ಇಲ್ಲಿಗೂ ಅಂಟಿಸಿದೆ. ಈ 150 ಯಾರಿಗೆ ಬೇಕು, ಏಕೆ ಬೇಕು ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಸಂಘದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಮಾರ್ಚ್ ಎರಡನೆಯ ವಾರದಲ್ಲಿ ಹಾಕಿದೆವು. ಮೊದಲ ರಾತ್ರಿಯೇ ಒಂದೂವರೆ ಗಂಟೆಗೆ ಬ್ಯಾಕಪ್ ಶುರುವಾದಾಗ ಮೊದಲ ಲಿಂಕ್ ಹನ್ನೊಂದು ಸಲ ಬಿದ್ದು ಎದ್ದಿತ್ತು. ರಾತ್ರಿ ತಾನೆ, ಆಮೇಲೆ ನೋಡೋಣ ಎಂದುಕೊಂಡೆ. ಮಾರ್ಚ್ 31ರಂದು, ವರ್ಷಾಂತ್ಯದ ಲೆಕ್ಕ ಮುಗಿಸುವ ದಿನ, ಅದು ಹಗಲಲ್ಲೇ ಶುರುವಾಯಿತು. ಪ್ರತಿ ಬಾರಿ ಬಿದ್ದಾಗಲೂ ದಾರಿ ಎರಡನೆಯ ಲಿಂಕಿಗೆ, ಎದ್ದಾಗ ಮತ್ತೆ ಮೊದಲನೆಯದಕ್ಕೆ. ಎರಡನೆಯದು ಚಿಕ್ಕದು, ಪಿಗ್ಮಿ ಲೆಕ್ಕವೂ ಅದರ ಮೇಲಿತ್ತು. ಅದೂ ತುಂಬಿ ತೆವಳತೊಡಗಿತು. ಮಧ್ಯಾಹ್ನ ಎರಡು ಗಂಟೆಗೆ ವ್ಯವಸ್ಥಾಪಕರು ನನ್ನ ಮೇಜಿನ ಬಳಿಗೇ ಬಂದರು. ರೇಗಲಿಲ್ಲ. "ಮೊದಲು ತಿಂಗಳಿಗೆ ಎರಡು ಸಲ ನಿಲ್ಲುತ್ತಿತ್ತು. ಈಗ ಗಂಟೆಗೆ ಎರಡು ಸಲ. ಇವತ್ತಿನ ಮಟ್ಟಿಗೆ ಏನು ಮಾಡುತ್ತೀರಿ?" ಎಂದು ಕೇಳಿದರು.

ಆ ಕ್ಷಣದ ತೀರ್ಮಾನ ಕಷ್ಟದ್ದಾಗಿರಲಿಲ್ಲ. ಮೊದಲ ಲಿಂಕಿನಲ್ಲಿ ಒಎಸ್‌ಪಿಎಫ್‌ನಿಂದ ಬಿಎಫ್‌ಡಿಯ ಕೊಂಡಿ ಕಳಚಿದೆ. ನಾಲ್ಕು ಸೆಕೆಂಡಿನ ಹಳೆಯ ಏರ್ಪಾಡು ಉಳಿಯಿತು, ಆಮೇಲೆ ಆ ದಿನ ಒಂದು ಸಲವೂ ನಿಲ್ಲಲಿಲ್ಲ. ಕಷ್ಟದ ತೀರ್ಮಾನ ಏಪ್ರಿಲ್‌ನದು: ಬಿಎಫ್‌ಡಿಯನ್ನು ಶಾಶ್ವತವಾಗಿ ತೆಗೆದುಬಿಡುವುದೇ, ಕಾರಣ ಹುಡುಕುವುದೇ? ಸುಳ್ಳು ಕೂಗು ಹಾಕುವ ಕಾವಲುಗಾರನನ್ನು ಮನೆಗೆ ಕಳಿಸಿಬಿಡಬೇಕು ಎನ್ನುವವರು ಸಂಘದಲ್ಲೂ ಇದ್ದರು. ಕೂಗು ನಿಜಕ್ಕೂ ಸುಳ್ಳೇ ಎಂದು ನೋಡದೆ ಕಳಿಸಬಾರದು ಎಂದು ನಾನು ಪಟ್ಟು ಹಿಡಿದೆ.

ಎರಡು ದಾಖಲೆಗಳಲ್ಲಿ ಎರಡು ಮಾತು

ತಿರುವು ಬಂದದ್ದು ನನ್ನ ಜೊತೆಗಿದ್ದ ಕಿರಿಯ ಎಂಜಿನಿಯರ್‌ರಿಂದ. ಎರಡೂ ರೂಟರ್‌ಗಳ ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ಅವರು ಒಂದು ಮಾತು ಹೇಳಿದರು: "ಸರ್, ಎರಡೂ ಕಡೆ ಬಿದ್ದ ಕಾರಣ ಒಂದೇ ಇಲ್ಲ." ಬಿಎಫ್‌ಡಿ ಬಿದ್ದಾಗ ಕಾರಣದ ಸಂಕೇತವನ್ನೂ ಹೇಳುತ್ತದೆ. ವೈಟ್‌ಫೀಲ್ಡ್ ರೂಟರ್ ಪ್ರತಿ ಸಲವೂ 1 ಎಂದಿತ್ತು: ಕಾಯುವ ಅವಧಿ ಮುಗಿಯಿತು, ಏನೂ ಬರಲಿಲ್ಲ. ಮುಖ್ಯ ಕಚೇರಿಯ ರೂಟರ್ ಪ್ರತಿ ಸಲವೂ 3 ಎಂದಿತ್ತು: ನೆರೆಯವನು ತಾನು ಬಿದ್ದೆ ಎಂದು ಹೇಳಿ ಕಳಿಸಿದ. ಹೇಳಿ ಕಳಿಸಿದ್ದು ತಲುಪಿದೆ ಎಂದರೆ ವೈಟ್‌ಫೀಲ್ಡ್‌ನಿಂದ ಬರುವ ದಿಕ್ಕು ಚೆನ್ನಾಗಿದೆ. ಹೋಗುವ ದಿಕ್ಕಿನಲ್ಲಿ ಮಾತ್ರ ಪ್ಯಾಕೆಟ್ ಕಳೆಯುತ್ತಿದೆ. ಬ್ಯಾಕಪ್ ಹೋಗುವುದೂ ಅದೇ ದಿಕ್ಕಿಗೆ.

ನಾನು ಎರಡು ವಾರದಿಂದ ನೋಡುತ್ತಿದ್ದ ದಾಖಲೆಯದು. ಒಂದು ತುದಿಯದನ್ನು ಮಾತ್ರ ನೋಡುತ್ತಿದ್ದೆ.

ಎರಡೂ ತುದಿಯಲ್ಲಿ ಪ್ಯಾಕೆಟ್ ಹಿಡಿದು ಹೋಲಿಸಿದೆವು. ಮುಖ್ಯ ಕಚೇರಿಯಿಂದ ಒಂದೂ ತಪ್ಪದೆ ಹೊರಟಿದ್ದವು. 50 ಮಿಲಿಸೆಕೆಂಡಿಗೆ ಸರಿಯಾಗಿ ಅಲ್ಲ, 37ರಿಂದ 50ರ ನಡುವೆ. ಎಲ್ಲ ರೂಟರ್‌ಗಳೂ ಒಂದೇ ತಾಳಕ್ಕೆ ಬೀಳದಿರಲಿ ಎಂದು ಬಿಎಫ್‌ಡಿ ತನ್ನ ಅವಧಿಯನ್ನು ಶೇಕಡಾ 25ರವರೆಗೆ ತಾನೇ ಏರುಪೇರು ಮಾಡಿಕೊಂಡು ತಗ್ಗಿಸುತ್ತದೆ. ಆಚೆ ತುದಿಗೆ ಮುಟ್ಟುವಾಗ ಮಾತ್ರ ನಡುನಡುವೆ ಮೂರು, ನಾಲ್ಕು ಒಟ್ಟಿಗೆ ಮಾಯ.

ಕಂಪನಿಯವರಿಗೆ ತೋರಿಸಿದರೆ ಅವರು ಬಳಕೆಯ ನಕ್ಷೆ ಕಳಿಸಿದರು: ಶೇಕಡಾ 62, ಎಲ್ಲಿಯೂ ತುಂಬಿಲ್ಲ. ಅದು ಐದು ನಿಮಿಷದ ಸರಾಸರಿ. ನಮ್ಮ ಪೋರ್ಟ್ 1 ಜಿಬಿಪಿಎಸ್, ಕೊಂಡದ್ದು 100 ಎಂಬಿಪಿಎಸ್. ಬ್ಯಾಕಪ್ ಶುರುವಾದಾಗ ರೂಟರ್ ಕೆಲವು ಮಿಲಿಸೆಕೆಂಡು ಪೂರ್ತಿ 1 ಜಿಬಿಪಿಎಸ್ ವೇಗದಲ್ಲಿ ತಳ್ಳುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಕಂಪನಿಯ ಸ್ವಿಚ್ ಒಪ್ಪಂದಕ್ಕಿಂತ ಹೆಚ್ಚಾದದ್ದನ್ನು ಆ ಕ್ಷಣವೇ ಎಸೆಯುತ್ತದೆ. ಎಸೆಯುವಾಗ ಬ್ಯಾಕಪ್ ಯಾವುದು, ಬಿಎಫ್‌ಡಿ ಯಾವುದು ಎಂದು ನೋಡುವುದಿಲ್ಲ. ಸರಾಸರಿ ತೆಗೆದರೆ ಇದು ಕಾಣಿಸುವುದೇ ಇಲ್ಲ, ಒಂದು ಗಂಟೆ ಸುರಿದ ಮಳೆಯನ್ನು ಇಡೀ ತಿಂಗಳಿಗೆ ಹಂಚಿದರೆ ರಸ್ತೆ ಮುಳುಗಿದ್ದು ಕಾಣಿಸದ ಹಾಗೆ.

ಅಂದರೆ ಕಾವಲುಗಾರ ಸುಳ್ಳು ಹೇಳಿರಲಿಲ್ಲ. ಆ ಲಿಂಕ್ ಪ್ರತಿ ರಾತ್ರಿ ಪ್ಯಾಕೆಟ್‌ಗಳನ್ನು ನುಂಗುತ್ತಿತ್ತು. ಬಿಎಫ್‌ಡಿ ಬರುವವರೆಗೆ ಅದು ಯಾರಿಗೂ ತಿಳಿದಿರಲಿಲ್ಲ, ಅಷ್ಟೇ.

ಪರಿಹಾರ ನಮ್ಮ ಕಡೆಯೇ ಇತ್ತು. ನಮ್ಮ ರೂಟರ್‌ನಲ್ಲೇ ಹೊರಹೋಗುವ ವೇಗವನ್ನು 95 ಎಂಬಿಪಿಎಸ್‌ಗೆ ಹದಗೊಳಿಸಿದೆವು. ಕಾಯುವ ಸಾಲು ಕಂಪನಿಯ ಸ್ವಿಚ್‌ನಲ್ಲಿ ಬೆಳೆಯುವ ಬದಲು ನಮ್ಮಲ್ಲೇ ಬೆಳೆಯಲಿ, ಯಾರು ಮೊದಲು ಹೋಗಬೇಕೆಂದು ನಾವೇ ನಿರ್ಧರಿಸೋಣ ಎಂಬುದು ಇದರ ಅರ್ಥ. ಆ ಸಾಲಿನಲ್ಲಿ ಬಿಎಫ್‌ಡಿ ಮತ್ತು ರೂಟಿಂಗ್ ಸಂದೇಶಗಳು ಮುಂದೆ, ಕೌಂಟರ್ ಅದರ ಹಿಂದೆ, ಬ್ಯಾಕಪ್ ಎಲ್ಲಕ್ಕಿಂತ ಹಿಂದೆ. ಬ್ಯಾಕಪ್ ಮುಗಿಯುವುದು ಹತ್ತು ನಿಮಿಷ ತಡವಾಯಿತು. ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಬದುಕಿರುವ ಲಿಂಕ್ ಎಷ್ಟು ಹೊತ್ತು ಸುಮ್ಮನಿರುತ್ತದೆ?

ಅಂಕಿ ಯಾವುದಿರಬೇಕು ಎಂಬುದನ್ನು ಈ ಬಾರಿ ಊಹಿಸಲಿಲ್ಲ. ಎರಡೂ ತುದಿಯಲ್ಲಿ ಒಂದೊಂದು ಹಳೆಯ ಲ್ಯಾಪ್‌ಟಾಪ್ ಇಟ್ಟು, 20 ಮಿಲಿಸೆಕೆಂಡಿಗೊಂದು ಚಿಕ್ಕ ಪ್ಯಾಕೆಟ್ ಕಳಿಸುತ್ತ ಎರಡು ವಾರ ಅಳೆದೆವು. ಲಿಂಕ್ ಕೆಟ್ಟಿಲ್ಲದಾಗ ಎರಡು ಪ್ಯಾಕೆಟ್‌ಗಳ ನಡುವೆ ಅತಿ ಉದ್ದದ ಮೌನ ಎಷ್ಟು ಎಂಬುದೊಂದೇ ನಮ್ಮ ಪ್ರಶ್ನೆ. ಹೆಚ್ಚಿನ ದಿನ ಅದು 40 ಮಿಲಿಸೆಕೆಂಡು ದಾಟಲಿಲ್ಲ. ಎರಡು ರಾತ್ರಿ ಮಾತ್ರ 210ರವರೆಗೆ ಹೋಯಿತು. ವಿಚಾರಿಸಿದಾಗ, ಆ ರಾತ್ರಿಗಳಲ್ಲಿ ಕಂಪನಿಯವರು ತಮ್ಮ ಫೈಬರ್ ಉಂಗುರದ ಒಂದು ಬದಿಯಿಂದ ಇನ್ನೊಂದು ಬದಿಗೆ ಹೊರೆ ಹೊರಳಿಸಿದ್ದರು ಎಂದು ತಿಳಿಯಿತು. ಕೆಳಗಿನ ಪದರ ತನ್ನ ಗಾಯವನ್ನು ತಾನೇ ವಾಸಿ ಮಾಡಿಕೊಳ್ಳುತ್ತಿರುವಾಗ ಮೇಲಿನ ಪದರ ಸತ್ತಿದೆ ಎಂದು ಕೂಗಿದರೆ, ಒಂದೇ ಗಾಯಕ್ಕೆ ಎರಡು ಸಲ ಚಿಕಿತ್ಸೆಯಾಗುತ್ತದೆ. ನನ್ನ 150 ಆ ಎರಡು ರಾತ್ರಿಯೂ ಲಿಂಕನ್ನು ಬೀಳಿಸುತ್ತಿತ್ತು.

210ರ ನಾಲ್ಕು ಪಟ್ಟಿನ ಸುಮಾರಿಗೆ 300, 300, 3 ಎಂದು ಆರಿಸಿಕೊಂಡೆವು. 900 ಮಿಲಿಸೆಕೆಂಡಿನಲ್ಲಿ ಪತ್ತೆ. ನಾಲ್ಕು ಸೆಕೆಂಡೂ ಸಾಕಾಗುತ್ತಿತ್ತು ಎಂದು ಮೇಲೆ ಹೇಳಿದ್ದೇನೆ. ಆದರೆ ಸುಳ್ಳು ಕೂಗಿನ ಭಯವಿಲ್ಲದೆ 900 ಸಿಗುವಾಗ, ಕೌಂಟರ್‌ನವರ ಪರದೆ ನಾಲ್ಕು ಸೆಕೆಂಡು ತಡೆಯುವುದೂ ಬೇಡ ಎನಿಸಿತು. ಮುಖ್ಯ ಕಚೇರಿಯ ರೂಟರ್ ಚಿಕ್ಕದು, ಬಿಎಫ್‌ಡಿಯನ್ನು ತನ್ನ ಪ್ರೊಸೆಸರ್‌ನಲ್ಲೇ ನಡೆಸುತ್ತದೆ; ಅದಕ್ಕೂ ಇದರಿಂದ ಹೊರೆ ಇಳಿಯಿತು.

ಏಳುವುದಕ್ಕೂ ಒಂದು ನಿಯಮ ಬೇಕಾಯಿತು. ತುಂಡಾದ ಫೈಬರ್ ಜೋಡಿಸುವಾಗ ಲಿಂಕ್ ಹತ್ತಾರು ಸಲ ಬಂದು ಹೋಗುತ್ತದೆ. ರೂಟರ್‌ನಲ್ಲಿದ್ದ ಡ್ಯಾಂಪನಿಂಗ್ ಸೌಲಭ್ಯ ಬಳಸಿ, ಮತ್ತೆ ಮತ್ತೆ ಬೀಳುವ ಲಿಂಕನ್ನು ಅದು ಸ್ಥಿರವಾಗುವವರೆಗೆ ನಂಬದಂತೆ ಮಾಡಿದೆವು.

ಹಾಕಿದ್ದೇವೆ ಎಂದುಕೊಂಡದ್ದು

ಮೇ ತಿಂಗಳಲ್ಲಿ ಮತ್ತೆ ಪರೀಕ್ಷೆ. ಈ ಬಾರಿ ನಮ್ಮ ಕೇಬಲ್ ಮುಟ್ಟಲಿಲ್ಲ. ಕಂಪನಿಗಳಿಗೆ ಬರೆದು, ನಡುವಿನ ಅವರ ಸ್ವಿಚ್‌ನಲ್ಲಿ ನಮ್ಮ ಮಾರ್ಗವನ್ನು ಕಡಿಯಲು ಕೇಳಿಕೊಂಡೆವು. ಒಂದು ಕಂಪನಿ ಮೂರು ವಾರ ಸತಾಯಿಸಿತು, ಕೊನೆಗೆ ಒಪ್ಪಿತು. ಮೊದಲ ಲಿಂಕ್ ಒಂದು ಸೆಕೆಂಡಿನೊಳಗೆ ಬದಲಾಯಿತು. ಎರಡನೆಯದನ್ನು ಕಡಿದಾಗ ನಾವು ಗಡಿಯಾರ ನೋಡುತ್ತ ನಿಂತೆವು. ಒಂದು ನಿಮಿಷ, ಎರಡು ನಿಮಿಷ, ಮೂರು ನಿಮಿಷಕ್ಕೆ ಬದಲಾಯಿತು. ಬಿಜಿಪಿಯ ಹಳೆಯ 180 ಸೆಕೆಂಡೇ ಅದು. ಬಿಎಫ್‌ಡಿ ಹಾಕಿ ಎರಡು ತಿಂಗಳಾಗಿತ್ತು, ಕಾನ್ಫಿಗರೇಶನ್‌ನಲ್ಲಿ ಸಾಲುಗಳು ಸರಿಯಾಗಿಯೇ ಇದ್ದವು.

ಲಿಂಕನ್ನು ಮತ್ತೆ ಜೋಡಿಸಿ ಸ್ಥಿತಿ ನೋಡಿದೆವು. ಮುಖ್ಯ ಕಚೇರಿಯಲ್ಲಿ "ಇನಿಟ್", ವೈಟ್‌ಫೀಲ್ಡ್‌ನಲ್ಲಿ "ಡೌನ್". ಈ ಎರಡು ಪದಗಳನ್ನು ಒಟ್ಟಿಗೆ ಓದಲು ಕಲಿತರೆ ಬಹಳ ಹೊತ್ತು ಉಳಿಯುತ್ತದೆ. ಇನಿಟ್ ಎಂದರೆ, ನಿನ್ನ ಮಾತು ನನಗೆ ಕೇಳಿಸುತ್ತಿದೆ, ನನ್ನದು ನಿನಗೆ ಕೇಳಿಸಿದ ಗುರುತಿಲ್ಲ. ಡೌನ್ ಎಂದರೆ, ನನಗೆ ಏನೂ ಕೇಳಿಸುತ್ತಿಲ್ಲ. ಕಿವಿ ಮುಚ್ಚಿರುವುದು ವೈಟ್‌ಫೀಲ್ಡ್‌ನಲ್ಲಿ. ಅಲ್ಲಿನ ರೂಟರನ್ನು ಹೊರಗಿನ ದಾಳಿಯಿಂದ ಕಾಯಲು ಹಾಕಿದ್ದ ಪಟ್ಟಿಯಲ್ಲಿ ಬಿಜಿಪಿ ಬಳಸುವ ಟಿಸಿಪಿ 179 ಎಂಬ ಬಾಗಿಲಿನಿಂದ ಒಳಬರಲು ಅನುಮತಿ ಇತ್ತು, ಬಿಎಫ್‌ಡಿ ಬಳಸುವ ಯುಡಿಪಿ 3784 ಎಂಬ ಬಾಗಿಲಿಗೆ ಇರಲಿಲ್ಲ. ಒಂದು ಸಾಲು ಸೇರಿಸಿದೆವು: ನೆರೆಯ ರೂಟರ್‌ನ ವಿಳಾಸದಿಂದ, ಟಿಟಿಎಲ್ 255 ಇದ್ದರೆ ಮಾತ್ರ. ನಡುವೆ ಬೇರೆ ರೂಟರ್ ದಾಟಿ ಬಂದ ಪ್ಯಾಕೆಟ್‌ನಲ್ಲಿ ಈ ಅಂಕಿ ಇಳಿದಿರುತ್ತದೆ, ಆದ್ದರಿಂದ ದೂರದವರು ನೆರೆಯವರಂತೆ ನಟಿಸಲಾರರು.

ಎರಡು ತಿಂಗಳು ಯಾರಿಗೂ ತಿಳಿಯದಿರಲು ಕಾರಣ, ಒಮ್ಮೆಯೂ ಏಳದ ಬಿಎಫ್‌ಡಿ ಬಿಜಿಪಿಯನ್ನು ಬೀಳಿಸುವುದಿಲ್ಲ. ಅದು ಎದ್ದು ಬಿದ್ದರೆ ಮಾತ್ರ ಸುದ್ದಿ. ಹುಟ್ಟದವನ ಸಾವು ಎಲ್ಲಿಯೂ ದಾಖಲಾಗುವುದಿಲ್ಲ. ಅಂದಿನಿಂದ ಸಂಘದ ಉಸ್ತುವಾರಿ ಪರದೆಯಲ್ಲಿ ಬಿಜಿಪಿ ಎದ್ದಿದೆಯೇ ಎಂಬುದರ ಪಕ್ಕದಲ್ಲೇ ಬಿಎಫ್‌ಡಿ ಎದ್ದಿದೆಯೇ ಎಂಬ ಇನ್ನೊಂದು ಸಾಲು ಇದೆ. ಇಡೀ ಪ್ರಕರಣದಲ್ಲಿ ಅತ್ಯಂತ ಅಗ್ಗದ ಕೆಲಸ ಅದು, ನಾನು ಮೊದಲ ದಿನವೇ ಮಾಡಬೇಕಿದ್ದದ್ದೂ ಅದೇ.

ಜೂನ್ ಕೊನೆಯ ವಾರ, ಮಳೆ ನಿಂತ ಒಂದು ಬೆಳಗ್ಗೆ, ಹೊರವರ್ತುಲ ರಸ್ತೆಯಲ್ಲಿ ಮತ್ತೆ ಫೈಬರ್ ತುಂಡಾಯಿತು. 10 ಗಂಟೆ 52 ನಿಮಿಷಕ್ಕೆ ವೈಟ್‌ಫೀಲ್ಡ್ ರೂಟರ್ ಕಾರಣ 1 ಎಂದು ಬರೆಯಿತು. ಎರಡೂ ದಿಕ್ಕು ಕಡಿದಿತ್ತು, ಹಾಗಾಗಿ ಮುಖ್ಯ ಕಚೇರಿಯದೂ 1 ಎಂದೇ ಬರೆಯಿತು. ಒಂದು ಸೆಕೆಂಡಿನೊಳಗೆ ಎಲ್ಲವೂ ಎರಡನೆಯ ಲಿಂಕಿಗೆ ಬಂದಿತ್ತು. ನಾನು ಕೌಂಟರಿಗೆ ಫೋನ್ ಮಾಡಿ ಕೇಳಿದೆ. "ಏನೂ ಆಗಿಲ್ಲವಲ್ಲ ಸರ್, ಏಕೆ?" ಎಂದರು ಗುಮಾಸ್ತೆ. ಹಿಂದೆ ಪಾಸ್‌ಬುಕ್ ಪ್ರಿಂಟರ್ ಓಡುವ ಸದ್ದು ಕೇಳಿಸುತ್ತಿತ್ತು.

ಒಂದು ಕೆಲಸ ಉಳಿದಿದೆ. ಎರಡು ಕಂಪನಿಗಳ ಫೈಬರ್ ನಗರದ ಉದ್ದಕ್ಕೂ ಬೇರೆ ಬೇರೆ ದಾರಿ ಹಿಡಿದರೂ, ಮುಖ್ಯ ಕಚೇರಿಯ ಬೀದಿಗೆ ಬಂದಾಗ ಎರಡೂ ಒಂದೇ ಕಂಬವನ್ನು ಏರಿ, ಒಂದೇ ಮರದ ಕೊಂಬೆಗಳ ನಡುವೆ ಹಾದು ಕಟ್ಟಡದೊಳಗೆ ಬರುತ್ತವೆ. ಒಂದನ್ನು ಹಿಂಬದಿಯ ರಸ್ತೆಯಿಂದ ನೆಲದಡಿಯಲ್ಲಿ ತರುವ ಖರ್ಚಿನ ಅಂದಾಜುಪಟ್ಟಿ ಕೊಟ್ಟಿದ್ದೇನೆ. ಅದು ಆಡಳಿತ ಮಂಡಳಿಯ ಮುಂದಿನ ಸಭೆಗೆ ಹೋಗಲಿದೆ.